ಪರಿಶುದ್ಧವೂ ಮೀಸಲೂ

ಹೀಬ್ರೂ ಪ್ರವಾದಿಗಳಲ್ಲಿ ಅಗ್ರಗಣ್ಯನಾದ ಯೆಶಾಯನಿಗೆ ದೇವದರ್ಶನವಾದ ಸಂದರ್ಭವು ಅವನ ಗ್ರಂಥದ ಆರನೆಯ ಅಧ್ಯಾಯದಲ್ಲಿ ವರ್ಣಿತವಾಗಿದೆ. ಉಜ್ಜೀಯರಾಜನು ಮೃತನಾದ ವರ್ಷದಲ್ಲಿ, ಉನ್ನತವಾದ ಸಿಂಹಾಸನದ ಮೇಲೆ ಒಡೆಯನು ಆಸೀನನಾಗಿರುವುದನ್ನೂ, ಆರಾರು ರೆಕ್ಕೆಗಳುಳ್ಳ ಸೆರಾಫಿಯರು ಒಬ್ಬರಿಗೊಬ್ಬರು ಒಂದೇ ಪದವನ್ನು ಮೂರು ಬಾರಿ ಕೂಗಿ ಹೇಳುವುದನ್ನೂ ಅವನು ಕಂಡನು. ಆ ಕೂಗಿಗೆ ಹೊಸ್ತಿಲಿನ ಬುಡವು ಕದಲಿತು. ಮಂದಿರವು ಹೊಗೆಯಿಂದ ತುಂಬಿಹೋಯಿತು. ಆ ಪದವು 'ಕಾದೋಶ್' ಎಂಬುದು. ಕನ್ನಡ ಬೈಬಲ್ಲಿನಲ್ಲಿ ಆ ಸ್ಥಾನದಲ್ಲಿ 'ಪರಿಶುದ್ಧ' ಎಂಬ ಶಬ್ದವು ಕಾಣುತ್ತದೆ. ಕನ್ನಡದ ಓದುಗನು ಅಲ್ಲಿ ಕ್ಷಣಕಾಲ ನಿಂತು, ಹೊಸ್ತಿಲನ್ನು ನಡುಗಿಸತಕ್ಕಂಥದು ಈ ಮಾತಿನಲ್ಲೇನಿದೆ ಎಂದು ಕೇಳಿದರೆ ಅದು ಅವನ ತಪ್ಪಲ್ಲ. ಬೆಳಗಿದ ಪಾತ್ರೆ ಪರಿಶುದ್ಧ, ಸೋಸಿದ ನೀರು ಪರಿಶುದ್ಧ, ಬೆರಕೆಯಿಲ್ಲದ ತುಪ್ಪ ಪರಿಶುದ್ಧ. ಶುದ್ಧವಾದುದನ್ನು ಕಂಡು ಮನುಷ್ಯನು ಸಮಾಧಾನಪಡುತ್ತಾನೆಯೇ ಹೊರತು ನಡುಗುವುದಿಲ್ಲ.

ಈ ಪದವನ್ನು ಆರಿಸಿದವರು ಅಲ್ಪಮತಿಗಳೆಂದು ಯಾರೂ ಭಾವಿಸಕೂಡದು. ಲಂಡನ್ ಮಿಷನ್ ಸಂಘದ ಜಾನ್ ಹ್ಯಾಂಡ್ಸನು ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಕನ್ನಡವನ್ನು ಕಲಿತು, ಹೊಸ ಒಡಂಬಡಿಕೆಯನ್ನೂ ಅನಂತರ ಹಳೆಯ ಒಡಂಬಡಿಕೆಯನ್ನೂ ಕನ್ನಡಿಸಿದನು. ೧೮೩೧ರ ಹೊತ್ತಿಗೆ ಇಡಿಯ ಬೈಬಲ್ಲು ಕನ್ನಡದಲ್ಲಿ ದೊರೆಯುವಂತಾಯಿತು. ಮುಂದೆ ಬಾಸೆಲ್ ಮಿಷನ್ನಿನವರೂ ಇತರರೂ ಅದನ್ನು ತಿದ್ದಿದರು. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದುದು ೧೮೯೪ರಲ್ಲಿ. ಹ್ಯಾಂಡ್ಸನ ಕೈಗೆ ಅಂಥ ಉಪಕರಣವಾವುದೂ ಇರಲಿಲ್ಲ. ಶುದ್ಧ, ಪವಿತ್ರ, ಪಾವನ, ಪುಣ್ಯ, ದಿವ್ಯ, ಮಡಿ, ಮೀಸಲು ಮೊದಲಾಗಿ ಹಲವು ಶಬ್ದಗಳು ಎದುರಿಗಿದ್ದಾಗ, ಎಲ್ಲರಿಗೂ ತಿಳಿಯುವ, ಗೌರವವುಳ್ಳ, ಯಾವ ಒಂದು ಮತದ ಆಚರಣೆಗೂ ಬಿಗಿಯಾಗಿ ಅಂಟಿಕೊಳ್ಳದ ಸಂಸ್ಕೃತಪದವೊಂದನ್ನು ಎತ್ತಿಕೊಂಡುದು ಸಹಜವೇ ಸರಿ. ಆ ಶ್ರಮವನ್ನು ನೆನೆಯದೆ ದೋಷವನ್ನೆಣಿಸುವುದು ಕೃತಘ್ನತೆಯಾದೀತು. ಆದರೂ ಒಂದು ಪದವು ಎರಡು ಶತಮಾನಗಳ ಕಾಲ ಒಂದು ಗ್ರಂಥವನ್ನು ಓದುವ ಬಗೆಯನ್ನು ನಿಯಮಿಸಿದಾಗ, ಆ ಪದವು ಏನನ್ನು ತೋರಿಸಿತು, ಏನನ್ನು ಮುಚ್ಚಿತು ಎಂದು ವಿಚಾರಮಾಡುವುದು ವಿಮರ್ಶೆಗೆ ಸಲ್ಲತಕ್ಕ ಕೆಲಸ.

ಹೀಬ್ರೂ ಭಾಷೆಯಲ್ಲಿ ಶಬ್ದಗಳು ಬಹುಮಟ್ಟಿಗೆ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಕ, ದ, ಶ ಎಂಬ ವ್ಯಂಜನಗಳಿಂದ 'ಕಾದೋಶ್' ಎಂಬ ವಿಶೇಷಣವೂ, 'ಕೋದೆಶ್' ಎಂಬ ನಾಮಪದವೂ, 'ಮಿಕ್ದಾಶ್' ಎಂಬ ದೇವಾಲಯವಾಚಕವೂ ಬಂದಿವೆ. ದಾನಿಯೇಲನ ಗ್ರಂಥದ ಅರಮೇಯ ಭಾಗಗಳಲ್ಲಿ ಇದೇ ಶಬ್ದವು 'ಕದ್ದೀಶ್' ಎಂಬ ರೂಪದಲ್ಲಿದೆ. ಜೆರೂಸಲೇಮಿಗೆ ಅರಬ್ಬಿಯಲ್ಲಿರುವ 'ಅಲ್ ಕುದ್ಸ್' ಎಂಬ ಹೆಸರೂ, ಕನ್ನಡನಾಡಿನ ಮುಸಲ್ಮಾನರ ಮನೆಗಳಲ್ಲಿ ಉರ್ದುವಿನ ಮೂಲಕ ಬಳಕೆಯಲ್ಲಿರುವ 'ಮುಕದ್ದಸ್' ಎಂಬ ಮಾತೂ ಇದೇ ಕುಲದವು. ಧಾತುವಿನ ಆದಿಮಾರ್ಥವೇನೆಂಬುದರಲ್ಲಿ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ. ಜರ್ಮನಿಯ ಬೌದಿಸ್ಸಿನನು ೧೮೭೮ರಲ್ಲಿ ಈ ವಿಷಯವಾಗಿಯೇ ಬರೆದ ಪ್ರಬಂಧವು ಪ್ರಸಿದ್ಧವಾದ ಮೇಲೆ 'ಕತ್ತರಿಸು, ಬೇರ್ಪಡಿಸು' ಎಂಬುದೇ ಮೂಲಾರ್ಥವೆಂದು ಬಹುಕಾಲ ನಂಬಲಾಗಿತ್ತು. ಆದರೆ ಬಾಬಿಲೋನಿನ ಪ್ರಾಚೀನ ಅಕ್ಕಾದೀ ಭಾಷೆಯಲ್ಲಿ ಇದೇ ಧಾತುವಿಗೆ ಶುಚಿಯಾಗಿರುವುದು, ಶುದ್ಧಿಗೊಳಿಸಿ ದೇವರಿಗೆ ಒಪ್ಪಿಸುವುದು ಎಂಬ ಅರ್ಥಗಳು ಕಾಣುತ್ತವೆ. ಅಂದಮೇಲೆ 'ಪರಿಶುದ್ಧ'ವೆಂದವರ ಪಕ್ಷದಲ್ಲಿಯೂ ಒಬ್ಬ ಸಾಕ್ಷಿ ಇದ್ದಾನೆಂದು ಒಪ್ಪಬೇಕು.

ಆದರೆ ಧಾತುವಿನ ಸಾಕ್ಷ್ಯವು ಎಷ್ಟರ ಮಟ್ಟಿಗೆ ನಡೆಯತಕ್ಕದ್ದು? ಪದದ ಅರ್ಥವನ್ನು ಅದರ ಹುಟ್ಟಿನಲ್ಲಿ ಹುಡುಕದೆ ಪ್ರಯೋಗದಲ್ಲಿ ಹುಡುಕಬೇಕೆಂದು ಜೇಮ್ಸ್ ಬಾರ್ ಎಂಬ ವಿದ್ವಾಂಸನು ೧೯೬೧ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೈಬಲ್ ಪಂಡಿತರನ್ನು ಕಟುವಾಗಿಯೇ ಎಚ್ಚರಿಸಿದನು. ಅಲಂಕಾರಶಾಸ್ತ್ರವನ್ನು ಓದಿದ ಮನೆಗಳಿಗೆ ಇದು ಹೊಸ ಮಾತಲ್ಲ. 'ಕುಶಲ'ನೆಂದರೆ ದರ್ಭೆಯನ್ನು ತರುವವನೆಂದು ವ್ಯುತ್ಪತ್ತಿ ಹೇಳಿದರೂ, ನಿಪುಣನೆಂಬ ಅರ್ಥವು ರೂಢಿಯಿಂದ ಬಂದುದೆಂದು ಮಮ್ಮಟನ ಕಾಲದಿಂದಲೂ ಚರ್ಚೆ ನಡೆದಿದೆ. ಆದುದರಿಂದ ಧಾತುವನ್ನು ಬದಿಗಿಟ್ಟು, ಹೀಬ್ರೂ ಗ್ರಂಥಗಳು ಈ ಪದವನ್ನು ಯಾವುದಕ್ಕೆ ಹಚ್ಚುತ್ತವೆ, ಯಾವುದಕ್ಕೆ ಎದುರಾಗಿ ನಿಲ್ಲಿಸುತ್ತವೆ ಎಂಬುದನ್ನು ನೋಡುವುದೇ ಮೇಲು.

ಬೈಬಲ್ಲನ್ನು ಮೊದಲಿನಿಂದ ಓದುತ್ತ ಬಂದವನಿಗೆ ಈ ಧಾತುವು ಮೊಟ್ಟಮೊದಲು ಎದುರಾಗುವುದು ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ. ಅಲ್ಲಿ ಅದು ಹತ್ತಿದುದು ಮನುಷ್ಯನಿಗಲ್ಲ, ಸ್ಥಳಕ್ಕಲ್ಲ, ಒಂದು ದಿನಕ್ಕೆ. ದೇವರು ಏಳನೆಯ ದಿನವನ್ನು 'ಕಾದೋಶ್' ಆಗಿ ಮಾಡಿದನಂತೆ. ದಿನವನ್ನು ತೊಳೆಯುವುದೆಂತು? ಎತ್ತಿಡಬಹುದು, ಅಷ್ಟೆ. ಎರಡನೆಯದಾಗಿ, ವಿಮೋಚನಕಾಂಡದಲ್ಲಿ ಮೋಶೆಯು ಮಾವನ ಕುರಿಗಳನ್ನು ಮೇಯಿಸುತ್ತ ಬೆಟ್ಟದ ಬಳಿಗೆ ಬಂದಾಗ, ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯೊಂದನ್ನು ಕಂಡು ಹತ್ತಿರ ಹೋಗುತ್ತಾನೆ. ಅವನು ನಿಂತ ನೆಲವು ಕೋದೆಶ್ ಆದುದರಿಂದ ಕೆರವನ್ನು ಕಳಚಬೇಕೆಂದು ಅಪ್ಪಣೆಯಾಗುತ್ತದೆ. ಕೆರವನ್ನು ಹೊರಗೆ ಬಿಟ್ಟು ಗುಡಿಯನ್ನು ಹೊಗುವ ಜನಕ್ಕೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಆ ನೆಲವು ಗುಡಿಸಿ ಸಾರಿಸಿದ ನೆಲವಲ್ಲ, ಕುರಿಗಳು ಮೇಯುವ ನೆಲ. ಮೋಶೆಯು ಬರುವ ಮುನ್ನವೂ ಅಲ್ಲಿ ಇದ್ದುದು ಅದೇ ಮಣ್ಣು, ಅದೇ ಹಿಕ್ಕೆ. ಅದನ್ನು ಬೇರೆಯಾಗಿ ಮಾಡಿದುದು ಶುಚಿತ್ವವಲ್ಲ, ಅಲ್ಲಿಗೆ ಬಂದವನು.

ಯಾಜಕಕಾಂಡದ ಹತ್ತನೆಯ ಅಧ್ಯಾಯದಲ್ಲಿ ಈ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಯಾಜಕರ ಕರ್ತವ್ಯವು ಎರಡು ಜೋಡಿಗಳನ್ನು ವಿಂಗಡಿಸಿ ತಿಳಿಯುವುದೆಂದು ಅಲ್ಲಿ ವಿಧಿಸಿದೆ. ಒಂದು ಜೋಡಿ 'ಕೋದೆಶ್' ಮತ್ತು 'ಹೋಲ್'. ಇನ್ನೊಂದು 'ತಾಹೋರ್' ಮತ್ತು 'ತಾಮೇ'. (ಈ 'ಹೋಲ್' ಎಂಬ ಹೀಬ್ರೂ ಮಾತಿಗೂ ಇಂಗ್ಲಿಷಿನ 'ಹೋಲಿ'ಗೂ ಸಂಬಂಧವಿಲ್ಲ, ವಿನೋದವೆಂದರೆ ಅರ್ಥವು ಸರಿಯಾಗಿ ವಿರುದ್ಧವಾದುದು, ಸಾಧಾರಣವಾದುದು, ಬಳಕೆಯದು ಎಂದು.) ತಾಹೋರ್ ಎಂದರೆ ಶುದ್ಧ, ತಾಮೇ ಎಂದರೆ ಅಶುದ್ಧ. ಹೆಣವನ್ನು ಮುಟ್ಟುವುದು, ಹೆರಿಗೆ, ಸ್ರಾವ, ಕೆಲವು ಚರ್ಮರೋಗಗಳು, ಇವುಗಳಿಂದ ತಾಮೇ ಆದವನು ಇಂತಿಷ್ಟು ದಿನ ಕಾದು ನೀರಿನಿಂದ ಶುದ್ಧನಾಗುತ್ತಾನೆ. ಸೂತಕ, ಪುರುಡು, ಮಡಿ, ಮೈಲಿಗೆಗಳನ್ನು ಬಲ್ಲ ಕನ್ನಡದ ಮನೆಗೆ ಈ ಎರಡನೆಯ ಜೋಡಿಯು ಅಂಗೈನೆಲ್ಲಿ. ಕಷ್ಟವೆಲ್ಲ ಇರುವುದು ಮೊದಲನೆಯ ಜೋಡಿಯಲ್ಲಿ. ಏಕೆಂದರೆ ಅದನ್ನು 'ಪರಿಶುದ್ಧ'ವೆಂದು ಕರೆದೊಡನೆ ಅದು ಎರಡನೆಯದರೊಳಗೆ ಕರಗಿಹೋಗುತ್ತದೆ. ಶುದ್ಧಕ್ಕಿಂತ ಒಂದು ಮೆಟ್ಟಿಲು ಮೇಲಿನದು ಪರಿಶುದ್ಧ, ಮಡಿಗಿಂತ ಹೆಚ್ಚಿನ ಮಡಿ ಎಂದು ಓದುಗನು ತಿಳಿಯುತ್ತಾನೆ. ಎರಡು ಅಳತೆಗೋಲುಗಳಿದ್ದೆಡೆಯಲ್ಲಿ ಒಂದೇ ಉಳಿಯುತ್ತದೆ.

ಕನ್ನಡದಲ್ಲಿ ಎರಡನೆಯ ಅಳತೆಗೋಲಿಗೆ ಹೆಸರಿಲ್ಲವೆಂದೇನೂ ಅಲ್ಲ. ಕಡೆದ ಬೆಣ್ಣೆಯಲ್ಲಿ ಒಂದು ಉಂಡೆಯನ್ನು ದೇವರಿಗೆಂದು ಎತ್ತಿಟ್ಟರೆ ಅದು ಮೀಸಲು. ಉಳಿದ ಬೆಣ್ಣೆಯೂ ಅದೇ ಮಜ್ಜಿಗೆಯಿಂದ ಬಂದುದು, ಅದೇ ಕೈ ಅದನ್ನು ತೆಗೆದುದು. ಮೀಸಲು ಬೆಣ್ಣೆಯು ಹೆಚ್ಚು ಶುಚಿಯೂ ಅಲ್ಲ, ಹೆಚ್ಚು ರುಚಿಯೂ ಅಲ್ಲ. ಅದು ಯಾರದು ಎಂಬುದರಲ್ಲಿ ಮಾತ್ರ ಭೇದ. ಮಗುವು ಅದಕ್ಕೆ ಬೆರಳಿಟ್ಟರೆ ತಾಯಿ ಬೈಯುವುದು ಮಗುವಿನ ಬೆರಳು ಕೊಳೆಯೆಂದಲ್ಲ. 'ಕೋದೆಶ್' ಎಂಬುದಕ್ಕೆ ಇದಕ್ಕಿಂತ ಸಮೀಪವಾದ ಅಚ್ಚಗನ್ನಡದ ಮಾತು ಸಿಕ್ಕಲಾರದು. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಹಣ್ಣಿನ ಗಿಡಗಳ ವಿಷಯವಾಗಿ ಒಂದು ನಿಯಮವಿದೆ: ನೆಟ್ಟ ಮೇಲೆ ಮೂರು ವರ್ಷ ಫಲವನ್ನು ತಿನ್ನಕೂಡದು, ನಾಲ್ಕನೆಯ ವರ್ಷದ ಫಲವು ಕೋದೆಶ್, ಐದನೆಯ ವರ್ಷದಿಂದ ಒಕ್ಕಲಿಗನು ತಿನ್ನಬಹುದು. ತೋಟವಿರುವ ಯಾವ ಮನೆಯವರಾದರೂ ಇದನ್ನು ಕೇಳಿ, ನಾಲ್ಕನೆಯ ವರ್ಷದ್ದು ಮೀಸಲು ಎಂದು ತಾವೇ ಹೇಳಿಯಾರು. ನಾಲ್ಕನೆಯ ವರ್ಷದ ಹಣ್ಣು ಐದನೆಯ ವರ್ಷದ್ದಕ್ಕಿಂತ ಪರಿಶುದ್ಧವೆಂದು ಹೇಳಲಾರರು.

ಇದಕ್ಕಿಂತಲೂ ಬಲವಾದ ಒಂದು ಪ್ರಯೋಗವು ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿದೆ. ದ್ರಾಕ್ಷಿಯ ತೋಟದಲ್ಲಿ ಬೇರೆ ಜಾತಿಯ ಬೀಜವನ್ನು ಬೆರಸಿ ಬಿತ್ತಬಾರದು. ಬಿತ್ತಿದರೆ ಇಡಿಯ ಫಲವು 'ಕೋದೆಶ್' ಆಗಿಬಿಡುತ್ತದೆ ಎಂದು ಮೂಲವು ಹೇಳುತ್ತದೆ. ಅಂದರೆ ಒಡೆಯನ ಕೈತಪ್ಪಿ ಬಳಕೆಗೆ ಸಲ್ಲದಂತಾಗುತ್ತದೆ. ೧೬೧೧ರ ಪ್ರಸಿದ್ಧ ಇಂಗ್ಲಿಷ್ ಭಾಷಾಂತರದವರು ಇಲ್ಲಿ ತಮ್ಮ ಎಂದಿನ ಪದವನ್ನು ಹಾಕಲಾರದೆ 'ಮಲಿನವಾಗುತ್ತದೆ' ಎಂಬರ್ಥದ ಪದವನ್ನು ಹಾಕಿದರು. ಶುದ್ಧಿಯನ್ನು ಹೇಳಬೇಕಾದ ಪದವನ್ನು ಮಾಲಿನ್ಯವೆಂದು ಅನುವಾದಿಸಬೇಕಾಗಿ ಬಂದರೆ, ಆ ಪದದ ಅರ್ಥವು ಶುದ್ಧಿಯಲ್ಲವೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಪ್ರಮಾಣಗಳಿಗೆ ಕೊರತೆಯಿಲ್ಲ. ಯೆಹೂದ್ಯರ ಮಿಶ್ನಾ ಎಂಬ ಧರ್ಮಸಂಗ್ರಹದಲ್ಲಿ ಕೈಗಳ ಶುದ್ಧಾಶುದ್ಧತೆಗೆಂದೇ ಮೀಸಲಾದ ಒಂದು ಪ್ರಕರಣವಿದೆ. ಕೋದೆಶ್ ಆದ ಗ್ರಂಥಗಳು ತಮ್ಮನ್ನು ಮುಟ್ಟಿದ ಕೈಗಳನ್ನು ಅಶುದ್ಧಗೊಳಿಸುತ್ತವೆಂದು ಅಲ್ಲಿ ವಿಧಿಸಿದೆ. ಕೇಳುವುದಕ್ಕೆ ಇದು ತಲೆಕೆಳಗಾದ ಮಾತು. ಆ ಕಾಲದಲ್ಲಿಯೇ ಸದ್ದುಕಾಯರು ಇದನ್ನು ಹಾಸ್ಯಮಾಡಿ, ಹೋಮರನ ಪುಸ್ತಕವನ್ನು ಮುಟ್ಟಿದರೆ ಮೈಲಿಗೆಯಿಲ್ಲ, ವೇದಗ್ರಂಥವನ್ನು ಮುಟ್ಟಿದರೆ ಮೈಲಿಗೆಯೋ ಎಂದು ಕೇಳಿದರಂತೆ. ಅದಕ್ಕೆ ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಗುರುವು, ಕತ್ತೆಯ ಮೂಳೆ ಶುದ್ಧ, ಮಹಾಯಾಜಕನ ಮೂಳೆ ಅಶುದ್ಧ. ಪ್ರೀತಿಯೆಷ್ಟೋ ಮೈಲಿಗೆಯೂ ಅಷ್ಟೇ ಎಂಬರ್ಥದ ಉತ್ತರವನ್ನು ಕೊಟ್ಟನೆಂದು ಅದೇ ಪ್ರಕರಣವು ತಿಳಿಸುತ್ತದೆ. ಯಾವುದಕ್ಕೆ ಬೆಲೆಯುಂಟೋ ಅದನ್ನು ಹಗುರವಾಗಿ ಮುಟ್ಟದಂತೆ ಬೇಲಿ ಹಾಕುವುದು ಆ ನಿಯಮದ ಉದ್ದೇಶ. ಸೊಲೊಮೋನನ ಹೆಸರಿನ ಪ್ರೇಮಗೀತೆಗಳ ಗ್ರಂಥವು ಕೈಗಳನ್ನು ಅಶುದ್ಧಗೊಳಿಸುವುದೋ ಇಲ್ಲವೋ ಎಂದು ಗುರುಗಳು ವಾದಿಸಿದ್ದುಂಟು. ಆ ವಾದದ ನಿಜವಾದ ಅರ್ಥವು, ಅದು ಶ್ರುತಿಯೋ ಅಲ್ಲವೋ ಎಂಬುದು. ಯೆಹೂದ್ಯರು ವಿವಾಹನಿಶ್ಚಯವನ್ನು 'ಕಿದ್ದುಷೀನ್' ಎಂದು ಕರೆಯುವುದೂ ಇದೇ ಧಾತುವಿನಿಂದ. ದೇವರಿಗೆ ಒಪ್ಪಿಸಿದ ವಸ್ತುವು ಇತರರಿಗೆ ಸಲ್ಲದಂತೆ ವಧುವು ಒಬ್ಬನಿಗೆ ಮೀಸಲಾಗುತ್ತಾಳೆಂದು ತಾಲ್ಮೂದು ಅದನ್ನು ವಿವರಿಸುತ್ತದೆ.

ಹಗ್ಗಾಯನೆಂಬ ಪ್ರವಾದಿಯು ಯಾಜಕರಿಗೆ ಕೇಳಿದ ಎರಡು ಪ್ರಶ್ನೆಗಳು ಚಿಕ್ಕವಾದರೂ ಮರ್ಮಭೇದಕವಾದವು. ಒಬ್ಬನು ಮೀಸಲು ಮಾಂಸವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವಾಗ ಆ ಸೆರಗು ರೊಟ್ಟಿಗೋ ಎಣ್ಣೆಗೋ ತಗಲಿದರೆ ಅವೂ ಮೀಸಲಾದಾವೋ? ಇಲ್ಲವೆಂದು ಯಾಜಕರು ಹೇಳಿದರು. ಹೆಣದಿಂದ ಅಶುದ್ಧನಾದವನು ಅವನ್ನು ಮುಟ್ಟಿದರೆ ಅಶುದ್ಧವಾದಾವೋ? ಆಗುತ್ತವೆಂದರು. ಮೈಲಿಗೆಯು ಅಂಟುಜಾಡ್ಯದಂತೆ ತಾನಾಗಿ ಹರಡುತ್ತದೆ. ಮೀಸಲು ಹಾಗೆ ಹರಡುವುದಿಲ್ಲ, ಅದನ್ನು ಒಬ್ಬರು ಎತ್ತಿಡಬೇಕು.

ಹೀಗೆ ವಸ್ತು, ದಿನ, ಸ್ಥಳಗಳ ವಿಷಯದಲ್ಲಿ 'ಮೀಸಲು' ಎಂಬ ಪದವು ಹೊಂದಿಕೊಳ್ಳುತ್ತದೆಂದು ಒಪ್ಪಬಹುದು. ಆದರೆ ಸೆರಾಫಿಯರು ಕೂಗಿದುದು ಬೆಣ್ಣೆಯ ಮಾತನ್ನಲ್ಲ. ದೇವರನ್ನೇ ಕಾದೋಶ್ ಎಂದಾಗ ಅವನು ಯಾರಿಗೆ ಮೀಸಲು? ಇಲ್ಲಿ ಪದವು ಬೇರೊಂದು ಮುಖವನ್ನು ತೋರುತ್ತದೆ. ಮಂಜೂಷವನ್ನು ಹೊತ್ತ ಬಂಡಿಯ ಎತ್ತುಗಳು ಮುಗ್ಗರಿಸಿದಾಗ ಅದು ಬೀಳದಿರಲೆಂದು ಕೈಚಾಚಿ ಹಿಡಿದ ಉಜ್ಜನು ಅಲ್ಲಿಯೇ ಸತ್ತನೆಂಬ ಕಥೆಯು ಸಮುವೇಲನ ಎರಡನೆಯ ಗ್ರಂಥದಲ್ಲಿದೆ. ಅವನ ಉದ್ದೇಶವು ಕೆಟ್ಟುದಲ್ಲ; ನೀತಿಯ ತಕ್ಕಡಿಯಲ್ಲಿ ತೂಗಿದರೆ ಈ ಕಥೆಯು ಸಹಿಸಲಾಗದು. ರುಡಾಲ್ಫ್ ಆಟೊ ಎಂಬ ಜರ್ಮನ್ ಚಿಂತಕನು ೧೯೧೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ಪದದಿಂದ ನೀತಿಯ ಅರ್ಥವನ್ನೂ ಶುದ್ಧಿಯ ಅರ್ಥವನ್ನೂ ಕಳೆದ ಮೇಲೆಯೂ ಒಂದು ಉಳಿಯುತ್ತದೆ, ಅದು ಮನುಷ್ಯನನ್ನು ನಡುಗಿಸಿ ಆಕರ್ಷಿಸುವ ಅನ್ಯತ್ವ ಎಂದು ವಾದಿಸಿದನು. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯವನ್ನು ಆತನು ನಿದರ್ಶನವಾಗಿ ತೆಗೆದುಕೊಂಡುದು ಸಹಜವೇ. ವಿಶ್ವರೂಪವನ್ನು ಕಂಡ ಅರ್ಜುನನ ಬಾಯಿಂದ ಹೊರಟುದು ಶುದ್ಧಿಯ ಶ್ಲಾಘನೆಯಲ್ಲ. ಸಲಿಗೆಯಿಂದ ಗೆಳೆಯನೆಂದು ಕರೆದೆನಲ್ಲಾ ಎಂಬ ಅಳುಕು.

ಆಟೊವಿನ ವಾದವು ಮನೋಹರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಹೀಬ್ರೂ ಪದದ ಅರ್ಧವನ್ನು ಮಾತ್ರ ಹಿಡಿಯುತ್ತದೆ. ಪ್ರವಾದಿಗಳು ಆ ಅನ್ಯತ್ವವನ್ನು ಬರಿಯ ಭಯವಾಗಿ ಬಿಡಲಿಲ್ಲ. ಹೋಶೇಯನ ಹನ್ನೊಂದನೆಯ ಅಧ್ಯಾಯದಲ್ಲಿ, ದ್ರೋಹಬಗೆದ ಜನವನ್ನು ನಾಶಮಾಡಬೇಕೆಂದು ಎದ್ದ ದೇವರು ತನ್ನ ಕೋಪವನ್ನು ತಾನೇ ತಡೆಯುತ್ತಾನೆ. ತಡೆದುದಕ್ಕೆ ಕೊಡುವ ಕಾರಣವು, ತಾನು ಮನುಷ್ಯನಲ್ಲ, ಅವರ ನಡುವೆ ಇರುವ ಕಾದೋಶ್ ಎಂಬುದು. ಮನುಷ್ಯನಾಗಿದ್ದರೆ ಸೇಡು ತೀರಿಸಿಕೊಳ್ಳುತ್ತಿದ್ದನು. ಮನುಷ್ಯನಿಗಿಂತ ಅನ್ಯನಾದುದರಿಂದ ಕ್ಷಮಿಸುತ್ತಾನೆ. ಇಲ್ಲಿ ಪರಿಶುದ್ಧನೆಂಬ ಪದವನ್ನು ಹಾಕಿದರೆ ತರ್ಕವು ಮುರಿದುಬೀಳುತ್ತದೆ. ಶುದ್ಧನಾದವನು ಅಶುದ್ಧರ ನಡುವೆ ಇರಲಾರನೆಂಬುದಲ್ಲವೆ ಲೋಕದ ತಿಳಿವಳಿಕೆ? ಯೆಶಾಯನೂ ತನ್ನ ಐದನೆಯ ಅಧ್ಯಾಯದಲ್ಲಿ, ಹೊಲಕ್ಕೆ ಹೊಲವನ್ನು ಸೇರಿಸಿಕೊಂಡು ಬಡವರಿಗೆ ಎಡೆಯಿಲ್ಲದಂತೆ ಮಾಡುವ ಧನಿಕರನ್ನು ಶಪಿಸಿ, ಕಾದೋಶ್ ಆದ ದೇವರು ಕಾದೋಶ್ ಎನ್ನಿಸಿಕೊಳ್ಳುವುದು ನ್ಯಾಯದಲ್ಲಿ ಎಂಬರ್ಥದ ಮಾತನ್ನಾಡುತ್ತಾನೆ.

ಈ ವಿಚಾರದಲ್ಲಿ ನಿಜವಾಗಿ ಪಣಕ್ಕಿರುವುದೇನೆಂಬುದು ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವನ್ನು ಕನ್ನಡದಲ್ಲಿ ಓದಿದಾಗ ಗೋಚರವಾಗುತ್ತದೆ. ಆ ಕಾಂಡದ ಹದಿನೇಳರಿಂದ ಇಪ್ಪತ್ತಾರರವರೆಗಿನ ಅಧ್ಯಾಯಗಳಿಗೆ ಕ್ಲೋಸ್ಟರ್‌ಮನ್ ಎಂಬ ಪಂಡಿತನು ೧೮೭೭ರಲ್ಲಿ ಈ ಪದದಿಂದಲೇ ಹೆಸರಿಟ್ಟನು. ಅಷ್ಟರ ಮಟ್ಟಿಗೆ ಆ ಭಾಗವು ಇದರಿಂದ ತುಂಬಿದೆ. ಹತ್ತೊಂಬತ್ತನೆಯ ಅಧ್ಯಾಯದ ಆರಂಭದಲ್ಲಿ, ದೇವರು ಕಾದೋಶ್ ಆದುದರಿಂದ ಜನರೂ ಹಾಗಿರಬೇಕೆಂಬ ಆಜ್ಞೆಯಿದೆ. ಪರಿಶುದ್ಧರಾಗಿರಬೇಕೆಂದು ಕನ್ನಡದಲ್ಲಿ ಕೇಳಿದ ಕಿವಿಯು ಮುಂದೆ ಸ್ನಾನ, ಉಪವಾಸ, ಮುಟ್ಟುಚಟ್ಟುಗಳ ಮಾತನ್ನು ನಿರೀಕ್ಷಿಸುತ್ತದೆ. ಅಲ್ಲಿ ಬರುವುದಾದರೋ ಬೇರೆ. ಪೈರು ಕೊಯ್ಯುವಾಗ ಹೊಲದ ಮೂಲೆಗಳನ್ನು ಕೊಯ್ಯದೆ ಬಿಡಬೇಕು, ಉದುರಿದ ತೆನೆಯನ್ನು ಆರಿಸಕೂಡದು, ಅದು ಬಡವನದೂ ಪರದೇಶಿಯದೂ. ಕೂಲಿಯವನ ಕೂಲಿಯು ಬೆಳಗಾಗುವವರೆಗೆ ಒಡೆಯನ ಬಳಿ ಉಳಿಯಕೂಡದು. ಕಿವುಡನನ್ನು ಬೈಯಕೂಡದು, ಕುರುಡನ ಮುಂದೆ ಎಡರುಗಲ್ಲನ್ನಿಡಕೂಡದು. ತೂಕದ ಕಲ್ಲೂ ಅಳತೆಯ ಕೊಳಗವೂ ಸರಿಯಾಗಿರಬೇಕು. ನಡುವೆ ಎರಡು ಜಾತಿಯ ಬೀಜವನ್ನು ಕೂಡಿಸಿ ಬಿತ್ತುವುದು, ಎರಡು ಬಗೆಯ ನೂಲಿನ ಬಟ್ಟೆಯನ್ನುಡುವುದು ಮೊದಲಾದ ನಿಷೇಧಗಳೂ ಇಲ್ಲದಿಲ್ಲ. ಆ ಗ್ರಂಥವು ಇವೆರಡನ್ನೂ ಬೇರೆ ಬೇರೆ ಕಪಾಟುಗಳಲ್ಲಿಡಲಿಲ್ಲ. ಆದರೆ ಓದುಗನಿಗೆ ಹೊಲದ ಮೂಲೆಯ ಮಾತು ಅಪ್ರಸಂಗವೆಂದು ತೋರಿದರೆ ಅದಕ್ಕೆ ಕಾರಣವು 'ಪರಿಶುದ್ಧ'ವೆಂಬ ಪದ. ದೇವರಿಗೆ ಮೀಸಲಾದ ಜನವಾಗಿ ಬಾಳಿರಿ ಎಂದಿದ್ದರೆ ಎಲ್ಲವೂ ಒಂದು ದಾರಕ್ಕೆ ಬರುತ್ತಿತ್ತು: ಜನವು ಅವನದು, ಆದುದರಿಂದ ಹೊಲವೂ ಅವನದು, ಆದುದರಿಂದ ಮೂಲೆಯ ಪೈರು ಅವನು ಯಾರಿಗೆ ಕೊಡೆಂದನೋ ಅವರದು. ಮಡಿಯುಟ್ಟವನು ಹತ್ತಿರ ಬಂದವರಿಂದ ದೂರ ಸರಿಯುತ್ತಾನೆ. ಈ ಆಜ್ಞೆಯು ಮನುಷ್ಯನನ್ನು ಕಳುಹಿಸುವುದು ಕೂಲಿಯವನ ಬಳಿಗೆ, ಕುರುಡನ ಬಳಿಗೆ. ಮಡಿಯ ಹೆಸರಿನಲ್ಲಿ ಮನುಷ್ಯರನ್ನೇ ಊರ ಹೊರಗಿಟ್ಟ ದೇಶದಲ್ಲಿ ಈ ವ್ಯತ್ಯಾಸವು ಬರಿಯ ಶಬ್ದಚರ್ಚೆಯಲ್ಲ.

ಇನ್ನು ಗ್ರೀಕಿನ ಮಾತು. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಅಲೆಕ್ಸಾಂಡ್ರಿಯದ ಯೆಹೂದ್ಯರು ತಮ್ಮ ಗ್ರಂಥಗಳನ್ನು ಗ್ರೀಕಿಗೆ ತರಲು ತೊಡಗಿದಾಗ, ಕನ್ನಡದ ಭಾಷಾಂತರಕಾರರಿಗೆ ಬಂದ ಕಷ್ಟವೇ ಅವರಿಗೂ ಬಂದಿತು. ಗ್ರೀಕಿನಲ್ಲಿ ದೇವಸಂಬಂಧವಾದುದನ್ನು ಹೇಳಲು ಬಹು ಪ್ರಚಾರದಲ್ಲಿದ್ದ ಪದವು 'ಹಿಯೆರೋಸ್'. ಅದನ್ನು ಅವರು ಬಹುಮಟ್ಟಿಗೆ ಕೈಬಿಟ್ಟು, ಹೆರೊಡೊಟಸನಂಥವರು ದೇವಾಲಯಗಳಿಗೆ ವಿರಳವಾಗಿ ಹಚ್ಚಿದ್ದ 'ಹಾಗಿಯೋಸ್' ಎಂಬ ಪದವನ್ನು ಎತ್ತಿಕೊಂಡರು. ಮೊದಲನೆಯದು ಅನ್ಯದೇವತೆಗಳ ಗುಡಿಗಳಿಗೆ ಮೆತ್ತಿಕೊಂಡಿದ್ದುದೇ ಕಾರಣವೆಂದು ಊಹಿಸುವವರುಂಟು. ಕನ್ನಡದ ಓದುಗನಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಭಾಷಾಶಾಸ್ತ್ರಜ್ಞರ ಪ್ರಕಾರ 'ಹಾಗಿಯೋಸ್' ಎಂಬುದು ಸಂಸ್ಕೃತದ 'ಯಜ್' ಧಾತುವಿನ ಬಂಧು, 'ಹಿಯೆರೋಸ್' ವೇದದ 'ಇಷಿರ'ದ ಬಂಧು. ಯಜ್ಞ, ಯಜಮಾನ, ಯಜನೀ ಮೊದಲಾದುವುಗಳ ಕುಲಕ್ಕೆ ಸೇರಿದ ಪದ ಹೊಸ ಒಡಂಬಡಿಕೆಯಲ್ಲಿ ಪುಟಪುಟಕ್ಕೂ ಬರುತ್ತದೆ, ಅದರ ಹಿಂದಿರುವುದು ಪೂಜ್ಯತೆ, ಅಳುಕು, ತೊಳೆಯುವಿಕೆಯಲ್ಲ.

ಆದರೂ ತೊಳೆಯುವಿಕೆಯು ಗ್ರೀಕಿನಲ್ಲಿಯೂ ಹಿಂಬಾಗಿಲಿನಿಂದ ಒಳಗೆ ಬಂದಿತು. 'ಕೊಯಿನೋಸ್' ಎಂದರೆ ಸಾಮಾನ್ಯವಾದುದು, ಎಲ್ಲರಿಗೂ ಸೇರಿದುದು. ಯೆಹೂದ್ಯರ ಗ್ರೀಕಿನಲ್ಲಿ ಅದೇ ಪದವು ಮೈಲಿಗೆಯಾದುದು ಎಂಬರ್ಥವನ್ನು ತಳೆಯಿತು. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಶಿಷ್ಯರು 'ಕೊಯಿನೋಸ್' ಕೈಗಳಿಂದ ಉಣ್ಣುತ್ತಿದ್ದರೆಂದು ಬರೆದ ಲೇಖಕನು, ಹೊರಗಿನ ಓದುಗರಿಗೆ ತಿಳಿಯಲಾರದೆಂದು, ಹಾಗೆಂದರೆ ತೊಳೆಯದ ಕೈ ಎಂದು ತಾನೇ ಟೀಕೆಯನ್ನು ಸೇರಿಸಬೇಕಾಯಿತು. ಬಳಕೆಯದೆಲ್ಲ ಮೈಲಿಗೆಯಾದಾಗ ಮೀಸಲಿಗೂ ಮಡಿಗೂ ಭೇದವಳಿಯುತ್ತದೆ. ಕನ್ನಡದ ಪದದಲ್ಲಿ ಆದುದು ಆ ಮೊದಲೇ ಆ ಸಮಾಜದಲ್ಲಿ ಆಗಿತ್ತು. ಅದೇ ಅಧ್ಯಾಯದಲ್ಲಿ ಯೇಸುವು 'ಕೊರ್ಬಾನ್' ಎಂಬ ಪದ್ಧತಿಯನ್ನು ಖಂಡಿಸುತ್ತಾನೆ. ತಂದೆತಾಯಿಗಳಿಗೆ ಕೊಡಬೇಕಾದುದನ್ನು ದೇವರಿಗೆ ಮುಡಿಪು ಎಂದುಬಿಟ್ಟರೆ ಮಗನು ಋಣಮುಕ್ತನಾಗುತ್ತಿದ್ದನಂತೆ. ಮುಡಿಪೂ ಹೀಗೆ ಜಾರಿಕೊಳ್ಳುವ ದಾರಿಯಾಗಬಲ್ಲುದೆಂಬುದನ್ನು, ಮೀಸಲೆಂಬ ಪದವನ್ನು ಅತಿಯಾಗಿ ಮೆಚ್ಚುವವರು ಮರೆಯಬಾರದು.

ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರವು ಇನ್ನೊಂದು ನಿದರ್ಶನ. ಆ ಸಭೆಯವರು ಪಕ್ಷ ಕಟ್ಟಿಕೊಂಡು ಜಗಳವಾಡುತ್ತಿದ್ದವರು, ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುತ್ತಿದ್ದವರು, ಪ್ರಭುಭೋಜನದಲ್ಲಿ ಬಡವರು ಹಸಿದಿರುವಾಗ ತಾವು ಕುಡಿದು ಮತ್ತರಾಗುತ್ತಿದ್ದವರು. ಅವರನ್ನೇ ಪೌಲನು ಪತ್ರದ ತಲೆಯಲ್ಲಿ 'ಹಾಗಿಯೋಯ್' ಎಂದು ಸಂಬೋಧಿಸುತ್ತಾನೆ. ಪರಿಶುದ್ಧರೆಂದು ಅನುವಾದಿಸಿದರೆ ಅದು ವ್ಯಂಗ್ಯವಾಗುತ್ತದೆ. ಕನ್ನಡದ ಭಾಷಾಂತರಕಾರರು ಪೌಲನ ಪತ್ರಗಳಲ್ಲಿ ಈ ಪದಕ್ಕೆ 'ದೇವಜನರು' ಎಂದು ಹಾಕಿರುವುದು ಅವರ ಸೂಕ್ಷ್ಮಜ್ಞಾನಕ್ಕೆ ಸಾಕ್ಷಿ. ಮೂಲದಲ್ಲಿಲ್ಲದ 'ದೇವ'ನನ್ನೂ 'ಜನ'ರನ್ನೂ ತಂದರೂ ಮೂಲದ ಜೀವವನ್ನು ಉಳಿಸಿದ ಅನುವಾದ ಅದು. ಕಥೋಲಿಕರಲ್ಲಿ ರೂಢಿಯಾದ 'ಸಂತ' ಎಂಬ ಪದವು ಲ್ಯಾಟಿನಿನ 'ಸಾಂಕ್ತುಸ್' ಎಂಬುದನ್ನು ಕಿವಿಗೆ ನೆನಪಿಸಿದರೂ ಅದರ ನಂಟಲ್ಲ. ಸಂಸ್ಕೃತದ 'ಸತ್' ಶಬ್ದದಿಂದ ಬಂದ ಅದು ಇದರ ಜತೆಗೆ ಸೇರಿದುದು ಕಾಕತಾಳೀಯ.

ಕನ್ನಡದ ಎರಡು ಮುಖ್ಯ ಪದಗಳನ್ನು ತೂಗಿ ನೋಡಿದರೆ 'ಪವಿತ್ರ'ವೇ ಮೇಲೆಂದು ತೋರುತ್ತದೆ. 'ಪರಿಶುದ್ಧ'ವು ಭೂತಕೃದಂತ, ಚೆನ್ನಾಗಿ ಶುದ್ಧಿಗೊಂಡುದು ಎಂದು ಅದರ ಶಬ್ದಾರ್ಥ. ದೇವರಿಗೆ ಹಚ್ಚಿದರೆ, ಅವನನ್ನು ಶುದ್ಧಿಗೊಳಿಸಿದವರಾರು ಎಂದು ವೈಯಾಕರಣನು ಕೊಂಕು ತೆಗೆದಾನು. 'ಪವಿತ್ರ'ವೋ ಕರಣವಾಚಕ. ವೇದದಲ್ಲಿ ಅದು ಸೋಮರಸವನ್ನು ಸೋಸುವ ಉಣ್ಣೆಯ ಜರಡಿ; ಕರ್ಮದಲ್ಲಿ ಬೆರಳಿಗೆ ಹಾಕಿಕೊಳ್ಳುವ ದರ್ಭೆಯ ಉಂಗುರ. ಶುದ್ಧವಾದುದಲ್ಲ, ಶುದ್ಧಗೊಳಿಸುವಂಥದು. ಯೆಶಾಯನ ದರ್ಶನದಲ್ಲಿ ನಡೆಯುವುದೂ ಅದೇ. ತಾನು ಅಶುದ್ಧವಾದ ತುಟಿಯವನೆಂದು ಅವನು ಕೂಗಿಕೊಂಡಾಗ ಸೆರಾಫಿಯೊಬ್ಬನು ಯಜ್ಞವೇದಿಯ ಕೆಂಡವನ್ನು ತಂದು ಆ ತುಟಿಗೆ ಮುಟ್ಟಿಸುತ್ತಾನೆ. ಶುದ್ಧಿಯು ಈ ಪದದ ಅರ್ಥವಲ್ಲದಿದ್ದರೂ ಅದರ ಮುಂದೆ ನಿಲ್ಲುವವನಿಗೆ ಬೇಕಾದುದು. ಹ್ಯಾಂಡ್ಸನೂ ಅವನ ಅನುಯಾಯಿಗಳೂ ಆ ಬೇಕಾದುದನ್ನೇ ಅರ್ಥವೆಂದು ಹಿಡಿದರೆಂದು ಹೇಳಿದರೆ ಅವರಿಗೆ ಅನ್ಯಾಯವಾಗದು. ಅರ್ಪಿಸಿದ ವಸ್ತುಗಳ ಪ್ರಸಂಗದಲ್ಲಿ ಕನ್ನಡ ಬೈಬಲ್ಲು 'ಮೀಸಲು' ಎಂಬುದನ್ನು ಬಳಸದೆ ಇಲ್ಲ. ಆ ಪದವು ಗುಡಿಯ ಹೊರಾಂಗಣದಲ್ಲಿ ಓಡಾಡುತ್ತದೆ, ಗರ್ಭಗೃಹಕ್ಕೆ ಮಾತ್ರ ಪ್ರವೇಶವಿಲ್ಲ. ಈಚೆಗೆ ಅದು ಅರಣ್ಯ, ಪೋಲೀಸು, ಉದ್ಯೋಗಗಳ ಸರಕಾರಿ ಪರಿಭಾಷೆಯಲ್ಲಿ ಸೇರಿಕೊಂಡು ತನ್ನ ಹಳೆಯ ಕಂಪನ್ನು ಕಳೆದುಕೊಳ್ಳುತ್ತಿರುವುದೂ ನಿಜ.

ಯಾಜಕಾಧಿಪತಿಯ ಹಣೆಯ ಮೇಲೆ ಕಟ್ಟುತ್ತಿದ್ದ ಚಿನ್ನದ ತಗಡಿನಲ್ಲಿ ಎರಡು ಪದಗಳನ್ನು ಕೆತ್ತಿಸಬೇಕೆಂದು ವಿಮೋಚನಕಾಂಡದಲ್ಲಿ ವಿಧಿಯಿದೆ: ಯೆಹೋವನಿಗೆ ಕೋದೆಶ್ ಎಂದು. ಇಡಿಯ ಜನಾಂಗದಲ್ಲಿ ಒಬ್ಬನ ಹಣೆಗೆ ಮಾತ್ರ ಸಲ್ಲುತ್ತಿದ್ದ ಬರಹವದು. ಜೆಕರ್ಯನ ಗ್ರಂಥದ ಕಟ್ಟಕಡೆಯಲ್ಲಿ ಬರಲಿರುವ ದಿನವೊಂದರ ವರ್ಣನೆಯಿದೆ. ಆ ದಿನ ಅದೇ ಬರಹವು ಕುದುರೆಗಳ ಕೊರಳ ಗಂಟೆಗಳ ಮೇಲೆ ಇರುವುದಂತೆ. ಜೆರೂಸಲೇಮಿನಲ್ಲಿಯೂ ಯೆಹೂದದಲ್ಲಿಯೂ ಅಡಿಗೆಮನೆಯ ಒಂದೊಂದು ಗಡಿಗೆಯೂ ಕೋದೆಶ್ ಆಗುವುದಂತೆ. ಪರಿಶುದ್ಧವೆಂದು ಓದಿದರೆ ಇವು ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದ ಗಡಿಗೆಗಳು. ಮೀಸಲೆಂದು ಓದಿದರೆ, ಬಂದವರು ಅವನ್ನೆತ್ತಿಕೊಂಡು ಅವುಗಳಲ್ಲಿ ಬೇಯಿಸಿ ಉಣ್ಣುವರೆಂದು ಪ್ರವಾದಿಯು ಮುಂದೆ ಹೇಳುವ ಮಾತು ತನ್ನ ಪೂರ್ಣವಾದ ಅಚ್ಚರಿಯೊಡನೆ ಕೇಳಿಸುತ್ತದೆ.